ಒಂದು ಕಿರೀಟ, ಎರಡು ಕೌಂಟರ್

ಅಣ್ಣತಮ್ಮಂದಿರು ಮಾತು ಬಿಟ್ಟರೆ ಮನೆ ಒಡೆಯುತ್ತದೆ, ಅಂಗಡಿ ಮುಚ್ಚುತ್ತದೆ ಎನ್ನುತ್ತಾರೆ. ಈ ಮನೆಯಲ್ಲಿ ಎರಡೂ ಆಗಿರಲಿಲ್ಲ. ಅಣ್ಣನಿಗೂ ತಮ್ಮನಿಗೂ ಮಾತು ನಿಂತು ವರ್ಷಗಳಾಗಿದ್ದರೂ ಮಾತುಕತೆಗೇನೂ ಬರ ಬಂದಿರಲಿಲ್ಲ, ಏಕೆಂದರೆ ನಡುವೆ ಅಣ್ಣನ ಸೊಸೆ ಇದ್ದಳು. "ಬಾಗಿಲ ಚಿಲಕ ಸಡಿಲ ಆಗಿದೆ ಅಂತ ಅವನಿಗೆ ಹೇಳಮ್ಮ" ಎಂದು ಅಣ್ಣ ಹೇಳುವಾಗ ತಮ್ಮ ಎದುರಿಗೇ ನಿಂತಿರುತ್ತಿದ್ದ. "ಕಣ್ಣಿದೆ ಅಂತ ಹೇಳಮ್ಮ" ಎಂದು ತಮ್ಮ ಗೋಡೆಗೆ ಉತ್ತರ ಕೊಡುತ್ತಿದ್ದ. ಸೊಸೆ ಎರಡನ್ನೂ ಮತ್ತೊಮ್ಮೆ ಹೇಳುತ್ತಿದ್ದಳು. ಹೇಳದಿದ್ದರೆ ಕೇಳಿಸಿತೆಂದು ಇಬ್ಬರೂ ಒಪ್ಪುತ್ತಿರಲಿಲ್ಲ.

ಜಗಳ ಶುರುವಾದದ್ದು ಒಂದು ಮೀಸೆಯ ವಿಷಯಕ್ಕೆ. ಅಂಟಿಸುವ ಮೀಸೆ. ಅದನ್ನು ಕಳೆದವರು ಯಾರೆನ್ನುವುದು ಈಗ ಇಬ್ಬರಿಗೂ ನೆನಪಿರಲಿಲ್ಲ, ಆದರೆ ಅಂದು ತನ್ನ ಮೀಸೆ ಮಣ್ಣಾಯಿತು ಎನ್ನುವುದು ಮಾತ್ರ ಇಬ್ಬರಿಗೂ ಚೆನ್ನಾಗಿ ನೆನಪಿತ್ತು.

ಅವರದು ನಾಟಕದ ಡ್ರೆಸ್ಸು ಬಾಡಿಗೆಗೆ ಕೊಡುವ ಅಂಗಡಿ. ಮೂಲೆಯ ಕಟ್ಟಡ, ಎರಡು ರಸ್ತೆಗೆ ಎರಡು ಬಾಗಿಲು. ಒಂದು ಬಾಗಿಲಲ್ಲಿ ಅಣ್ಣನ, ಅಂದರೆ ಸೊಸೆಯ ಮಾವನ ಕೌಂಟರ್, ಇನ್ನೊಂದರಲ್ಲಿ ತಮ್ಮನ, ಅಂದರೆ ಚಿಕ್ಕಮಾವನ ಕೌಂಟರ್, ಮಧ್ಯೆ ಉದ್ದನೆಯ ಗೋದಾಮು. ಅದರಲ್ಲಿ ಗೂಟದ ಸಾಲುಗಳು. ಗೂಟಗಳಲ್ಲಿ ರಾಜರು, ರಾಣಿಯರು, ಪೊಲೀಸರು, ಭಿಕ್ಷುಕರು, ರೆಕ್ಕೆ ಮುರಿದ ಒಬ್ಬ ದೇವದೂತ. ಎಲ್ಲಾ ವೇಷವೂ ಒಂದೊಂದೇ. ಹೀಗಾಗಿ ಊರಲ್ಲಿ ಒಂದು ಸಂಜೆಗೆ ಒಬ್ಬನೇ ರಾಜ ಆಳಬಹುದಿತ್ತು.

ಗೋದಾಮಿನ ಮೇಲೆ ಮನೆ. ಮನೆಯ ನಟ್ಟನಡುವೆ ಸೊಸೆಯ ಕೋಣೆ. ಅದು ಮಲಗುವ ಕೋಣೆ ಮಾತ್ರ ಆಗಿರಲಿಲ್ಲ. ಅವಳು ಒಂದು ಕಂಪನಿಗೆ ಡೇಟಾಬೇಸಿನ ಕೆಲಸ ಮಾಡಿಕೊಡುತ್ತಿದ್ದಳು. ಕಿಟಕಿಯ ಪಕ್ಕದ ಮೇಜೇ ಅವಳ ಆಫೀಸು. ಬಾಗಿಲು ಹಾಕಿಕೊಂಡರೆ ಯಾರ ಮಾತನ್ನೂ ಯಾರಿಗೂ ಮುಟ್ಟಿಸಬೇಕಾಗಿರದ ಏಕೈಕ ಜಾಗ ಅದು. ಗಂಡನಾದವನು ಕೆಳಗೆ ಗಡ್ಡಮೀಸೆ ವಿಭಾಗ ನೋಡಿಕೊಳ್ಳುತ್ತಿದ್ದ. ದಿನವಿಡೀ ಅಂಟಿನ ಜೊತೆ ಬದುಕಿಯೂ ಯಾವ ಪಕ್ಷಕ್ಕೂ ಅಂಟಿಕೊಳ್ಳದೆ ಉಳಿದ ಪುಣ್ಯಾತ್ಮ.

ಅಂಗಡಿಗೆ ಕಂಪ್ಯೂಟರ್ ತಂದವನು ಚಿಕ್ಕಮಾವನ ಮಗ. ಊಟ, ಬೈಕು, ಮಾತು ಎಲ್ಲದರಲ್ಲೂ ಅವಸರದವನಾದ್ದರಿಂದ ಮನೆಯವರೆಲ್ಲ ಅವನನ್ನು ಮಿಂಚು ಎನ್ನುತ್ತಿದ್ದರು. ಮಿಂಚು ಹೊಡೆಯುತ್ತಾನೆ, ಮಳೆ ಬರುವುದಿಲ್ಲ ಎಂದು ಮಾವ ಸೇರಿಸುತ್ತಿದ್ದರು, ಸೊಸೆಯ ಮೂಲಕ. ಅವನು ಮಾಡಿದ್ದು ಸರಳವಾದ ವ್ಯವಸ್ಥೆ. ಗೂಟಕ್ಕೊಂದು ಹೆಸರು, ಹೆಸರಿಗೊಂದು ಉತ್ತರ. 'ರಾಜನ ಕಿರೀಟ' ಎಂದು ಕೇಳಿದರೆ 'ಒಳಗಿದೆ' ಎಂದೋ 'ಇಂಥವರ ಹತ್ತಿರ ಇದೆ' ಎಂದೋ ಪರದೆಯ ಮೇಲೆ ಬರುತ್ತದೆ. ಹೀಗೆ ಹೆಸರು ಹೇಳಿ ಉತ್ತರ ತೆಗೆಯುವ ಡಬ್ಬಿಗೆ ಕೀ-ವ್ಯಾಲ್ಯೂ ಡೇಟಾಬೇಸ್ ಎನ್ನುತ್ತಾರೆ ಎಂದು ಅವನು ವಿವರಿಸಿದ ದಿನ, ಕೀ ಎಂಬ ಮಾತು ಕಿವಿಗೆ ಬಿದ್ದೊಡನೆ ಮಾವ ಸೊಂಟದ ಬೀಗದಕೈ ಇದೆಯೇ ಎಂದು ಮುಟ್ಟಿ ನೋಡಿಕೊಂಡಿದ್ದರು.

ಮೊದಮೊದಲು ಒಂದು ತೊಂದರೆ ಇತ್ತು. ರಾಜ ಎಂದರೆ ಒಂದು ಗೂಟವಲ್ಲ. ಕಿರೀಟ, ನಿಲುವಂಗಿ, ಕತ್ತಿ, ಸಿಂಹಾಸನ, ಗಡ್ಡ. ಕಿರೀಟ ಹೋಯಿತೆಂದು ಬರೆದು ಕತ್ತಿಗೆ ಬರುವಷ್ಟರಲ್ಲಿ ಕರೆಂಟು ಹೋದರೆ, ಡೇಟಾಬೇಸಿನ ಪ್ರಕಾರ ಕಿರೀಟ ಊರಾಚೆ, ಕತ್ತಿ ಮನೆಯಲ್ಲಿ. ಇದಕ್ಕೆ ಮಿಂಚು ಹುಡುಕಿದ ಮದ್ದೇ ಬ್ಯಾಚ್. ಐದನ್ನೂ ಒಂದು ಗಂಟು ಕಟ್ಟಿ ಒಳಗೆ ಎಸೆಯುವುದು. ಹೋದರೆ ಐದೂ ಹೋಗಬೇಕು, ಇಲ್ಲವೇ ಒಂದೂ ಹೋಗಬಾರದು. ಅರ್ಧ ರಾಜ ಎನ್ನುವುದಿಲ್ಲ. ಸೊಸೆಯೂ ಇದನ್ನು ಮೆಚ್ಚಿದ್ದಳು. ಕೆಲಸ ಚೊಕ್ಕವಾಗಿತ್ತು, ವೇಗವೂ ಇತ್ತು. ಮಿಂಚು ಅಂದಿನಿಂದ ತನ್ನ ಹೆಸರಿನ ಜೊತೆ ಬ್ಯಾಚ್ ಪದವನ್ನು ಕೋಟಿನ ಬ್ಯಾಡ್ಜಿನ ಹಾಗೆ ಸಿಕ್ಕಿಸಿಕೊಂಡು ಓಡಾಡತೊಡಗಿದ.

ಆಮೇಲೆ ವಕೀಲರ ನಾಟಕ ಬಂತು.

ವಕೀಲರ ಸಂಘದವರು ಮಾವನ ಕೌಂಟರಿಗೆ ಬಂದು ರಾಜನನ್ನು ಕೇಳಿದರು. ಅದೇ ಹೊತ್ತಿಗೆ ಬ್ಯಾಂಕಿನ ನೌಕರರು ಚಿಕ್ಕಮಾವನ ಕೌಂಟರಿಗೆ ಬಂದು ರಾಜನನ್ನು ಕೇಳಿದರು, ಅದೇ ಸಂಜೆಗೆ. ಇಬ್ಬರ ಪರದೆಯೂ 'ಒಳಗಿದೆ' ಎಂದಿತು. ಮಾವ ಮಾತಿನಲ್ಲಿ ಜಿಪುಣರು, "ಬೇಕಾ? ತಗೊಳ್ಳಿ" ಎಂದು ಗುಂಡಿ ಒತ್ತಿದರು. ಚಿಕ್ಕಮಾವ ಹಾಗಲ್ಲ. ಯೌವನದಲ್ಲಿ ಒಮ್ಮೆ ರಂಗದ ಮೇಲೆ ದೂತನ ಪಾತ್ರ ಮಾಡಿ "ಮಹಾರಾಜ, ಶತ್ರುಗಳು ಬಂದರು" ಎಂದಿದ್ದರು. ಆ ಒಂದು ಸಾಲಿಗೆ ಸಭೆ ಹೇಗೆ ಉಸಿರು ಬಿಗಿಹಿಡಿಯಿತು ಎನ್ನುವುದನ್ನು ಹೇಳದೆ ಯಾವ ಗಿರಾಕಿಯನ್ನೂ ಹೊರಗೆ ಬಿಡುತ್ತಿರಲಿಲ್ಲ. ಅಂದೂ ಶತ್ರುಗಳು ಬಂದರು, ಸಭೆ ಉಸಿರು ಬಿಗಿಹಿಡಿಯಿತು, ಗಿರಾಕಿಗಳು ಕಾಲು ಬದಲಿಸಿ ನಿಂತರು. ಆಮೇಲೆ ಚಿಕ್ಕಮಾವ ಗುಂಡಿ ಒತ್ತಿದರು. ಅಷ್ಟರಲ್ಲಿ ರಾಜ ವಕೀಲರ ಪಾಲಾಗಿ ಎಷ್ಟೋ ಹೊತ್ತಾಗಿತ್ತು. ಬ್ಯಾಚ್ ಅದನ್ನೇನೂ ಕೇಳಲಿಲ್ಲ. ಹೊಸ ಗಂಟನ್ನು ಹಳೆಯ ಗಂಟಿನ ಮೇಲೆ ಅಚ್ಚುಕಟ್ಟಾಗಿ ಬರೆದುಬಿಟ್ಟಿತು. ಐದಕ್ಕೆ ಐದೂ. ಅರ್ಧ ರಾಜನಲ್ಲ, ಒಂದೂವರೆಯೂ ಅಲ್ಲ, ಇಬ್ಬರು ಪೂರ್ತಿ ರಾಜರು.

ಗಾಡಿ ಮೊದಲು ತಂದವರು ವಕೀಲರು. ಬ್ಯಾಂಕಿನ ರಾಜ ಕೊನೆಗೆ ಮಾಂತ್ರಿಕನ ಕರಿ ನಿಲುವಂಗಿ ಹಾಕಿಕೊಂಡು, ಪಕ್ಕದ ಸಲೂನಿನ ತಿರುಗುವ ಕುರ್ಚಿಯ ಮೇಲೆ ಕೂತು ರಾಜ್ಯಭಾರ ಮಾಡಿದ. ಪತ್ರಿಕೆಯೊಂದು ತಿರುಗುವ ಸಿಂಹಾಸನದ ಮೂಲಕ ಅಧಿಕಾರದ ಚಂಚಲತೆಯನ್ನು ಕಾಣಿಸಿದ ದಿಟ್ಟ ಪ್ರಯೋಗ ಎಂದು ಹೊಗಳಿತು. ಬ್ಯಾಂಕಿನವರು ಹೊಗಳಿಕೆಯನ್ನು ಇಟ್ಟುಕೊಂಡು ಬೈಗುಳವನ್ನು ಮಾತ್ರ ಚಿಕ್ಕಮಾವನಿಗೆ ಕೊಟ್ಟರು.

ಅಷ್ಟಕ್ಕೆ ಮುಗಿಯಲಿಲ್ಲ. ಮಾರನೆಯ ದಿನ ವಕೀಲರು ರಾಜನನ್ನು ವಾಪಸು ತಂದರೆ, ಪರದೆ ಇದು ನಿಮ್ಮದಲ್ಲ, ಬ್ಯಾಂಕಿನವರದು ಎಂದಿತು. ತೆಗೆದುಕೊಂಡೇ ಇಲ್ಲದ ವಸ್ತುವನ್ನು ಹಿಂತಿರುಗಿಸಲು ಬಂದವರನ್ನು ಏನೆನ್ನಬೇಕು? ಬೇರೆಯವರಾಗಿದ್ದರೆ ಇಟ್ಟುಹೋಗುತ್ತಿದ್ದರು. ಇವರು ವಕೀಲರು. ಕಿರೀಟವನ್ನು ಕೌಂಟರಿನ ಮೇಲಿಟ್ಟು ಇಡೀ ಬೆಳಗ್ಗೆ ವಾದಿಸಿದರು. ಪಾಪ, ಮಾತಿನ ಜಿಪುಣರಾದ ಮಾವ ಒಂದು ವರ್ಷದ ಮಾತನ್ನು ಅಂದೇ ಖರ್ಚು ಮಾಡಬೇಕಾಯಿತು.

ಅಂದು ಮಧ್ಯಾಹ್ನ ಅಣ್ಣತಮ್ಮಂದಿರು ವರ್ಷಗಳ ನಂತರ ಒಂದು ವಿಷಯದಲ್ಲಿ ಒಮ್ಮತಕ್ಕೆ ಬಂದರು, ಸೊಸೆಯ ಮೂಲಕವೇ. ಇನ್ನೊಂದು ಸಲ ಹೀಗಾದರೆ ಗೋಡೆ. ಗೋದಾಮಿಗೂ ಗೋಡೆ, ಮನೆಗೂ ಗೋಡೆ. ಅರ್ಧ ಗೂಟ ಅವರಿಗೆ, ಅರ್ಧ ಇವರಿಗೆ. ಗಾರೆಯವನನ್ನು ಕರೆಸಿ ಅಳತೆಯನ್ನೂ ತೆಗೆಸಿದರು. ಅವನು ಕೆಳಗಿನಿಂದ ಮೇಲಕ್ಕೆ ದಾರ ಹಿಡಿದು ನೆಲದ ಮೇಲೆ ಸುಣ್ಣದ ಗೆರೆ ಎಳೆದಾಗ, ಗೆರೆ ನೇರವಾಗಿ ಸೊಸೆಯ ಕೋಣೆಯ ಮಧ್ಯೆ ಹೋಯಿತು. ಮಂಚ ಮಾವನ ಕಡೆಗೆ ಬಂತು. ಮೇಜು, ಕಿಟಕಿ, ಬೆಳಕು ಚಿಕ್ಕಮಾವನ ಕಡೆಗೆ. ಗಂಡ ಯಾವ ಕಡೆ ಎಂದು ಗಾರೆಯವನು ಕೇಳಲಿಲ್ಲ. ಆತನನ್ನು ಎತ್ತಿ ಇಡಬಹುದಾಗಿತ್ತು.

"ನಮ್ಮ ಕೋಣೆಗೆ ಬಾಗಿಲು ಎಲ್ಲಿರುತ್ತೆ?" ಎಂದು ಸೊಸೆ ಕೇಳಿದಳು.

"ಇರೋದು ಅರ್ಧ ಕೋಣೆ ಅಲ್ವಾಮ್ಮ" ಎಂದ ಗಾರೆಯವನು. "ಅದಕ್ಕೆ ಬಾಗಿಲು ಇಟ್ರೆ ಮಂಚ ಹಿಡಿಯಲ್ಲ, ಮಂಚ ಇಟ್ರೆ ಬಾಗಿಲು ಹಿಡಿಯಲ್ಲ."

ಸೊಸೆ ಆ ಹೊತ್ತಿಗೇ ಕೆಳಗಿಳಿದು ಮಿಂಚುವಿನ ಪ್ರೋಗ್ರಾಮನ್ನು ತೆರೆದಳು. ಇನ್ನೊಂದು ಸಲ ಹೀಗಾಗಬಾರದು ಎನ್ನುವುದು ಮಾವಂದಿರಿಗೆ ಮರ್ಯಾದೆಯ ಪ್ರಶ್ನೆಯಾಗಿದ್ದರೆ, ಅವಳಿಗೆ ಕಾಲು ಚಾಚುವ ಪ್ರಶ್ನೆಯಾಗಿತ್ತು.

ಗೋದಾಮಿನಲ್ಲಿ ಸಭೆ ಸೇರಿತು. ಮಾವ ಸಿಂಹಾಸನದ ಮೇಲೆ ಕೂತರು. ಅದನ್ನು ನೋಡಿ ಚಿಕ್ಕಮಾವ ನ್ಯಾಯಾಧೀಶರ ಕುರ್ಚಿ ಎಳೆದುಕೊಂಡರು. ಗಂಡ ಭಿಕ್ಷುಕನ ಕಂಬಳಿಯ ಮೇಲೆ ಕೂತ. ಸೊಸೆ ಬ್ಯಾಚ್ ಸಾಲದು, ಟ್ರಾನ್ಸಾಕ್ಷನ್ ಬೇಕು ಎಂದಳು. ಅಷ್ಟು ಹೇಳಿದ್ದೇ ತಡ, ಮಾವ ಟ್ರಾನ್ಸಾಕ್ಷನ್ ಪಕ್ಷ ಸೇರಿದರು, ಚಿಕ್ಕಮಾವ ಬ್ಯಾಚ್ ಪಕ್ಷ ಸೇರಿದರು. ಎರಡು ಪದಕ್ಕೂ ಅರ್ಥ ಏನೆಂದು ಇಬ್ಬರೂ ಕೇಳಲಿಲ್ಲ. ಅರ್ಥ ಗೊತ್ತಾದರೆ ಎಲ್ಲಿ ಪಕ್ಷ ಬದಲಿಸಬೇಕಾಗುತ್ತದೋ ಎಂಬ ಭಯವಿದ್ದಿರಬೇಕು.

"ಅತ್ತಿಗೆ, ಬ್ಯಾಚ್ ಅಟಾಮಿಕ್ಕು" ಎಂದ ಮಿಂಚು. "ಎಲ್ಲಾ ಹೋಗುತ್ತೆ, ಇಲ್ಲ ಏನೂ ಹೋಗಲ್ಲ. ಅದಕ್ಕಿಂತ ಇನ್ನೇನ್ ಬೇಕು ನಿಮಗೆ?"

"ಹೋಗೋದ್ರಲ್ಲಿ ತಪ್ಪಿಲ್ಲ ಕಣೋ. ಅದು ನೋಡಲ್ಲ" ಎಂದಳು ಸೊಸೆ. "ಕಣ್ಣು ಮುಚ್ಚಿ ಐದು ಮೊಳೆ ಒಂದೇ ಏಟಿಗೆ ಹೊಡೆಯುತ್ತೆ, ಸರಿ. ಕೆಳಗೆ ಯಾರ ಬೆರಳಿದೆ ಅಂತ ನೋಡುತ್ತಾ?"

"ನೋಡ್ತೀವಲ್ಲ. ಪರದೆ ಮೇಲೆ ಒಳಗಿದೆ ಅಂತ ನೋಡಿಕೊಂಡೇ ಗುಂಡಿ ಒತ್ತೋದು."

"ನೋಡಿದ್ದು ನೀವು. ಬರೆದಿದ್ದು ಅದು. ಮಧ್ಯೆ ಶತ್ರುಗಳು ಬಂದು ಹೋಗಿರ್ತಾರೆ."

ಕಂಬಳಿಯ ಮೇಲಿಂದ ಗಂಡ ಕೆಮ್ಮಿದ. ಚಿಕ್ಕಮಾವ ತಮ್ಮ ಶತ್ರುಗಳ ಪ್ರಸ್ತಾಪವನ್ನು ಹೊಗಳಿಕೆಯೆಂದೇ ತೆಗೆದುಕೊಂಡು ತಲೆದೂಗಿದರು.

ಸೊಸೆ ಬಿಡಿಸಿ ಹೇಳಿದಳು. ವಾಪಸು ಬಂದ ಬಟ್ಟೆಗಳನ್ನೆಲ್ಲ ಒಳಗಿದೆ ಎಂದು ಬರೆಯಲು ಬ್ಯಾಚ್ ಸಾಕು. ಅಲ್ಲಿ ಯಾರನ್ನೂ ಏನನ್ನೂ ಕೇಳುವುದಿಲ್ಲ. ಆದರೆ ನೋಡಿ ನಿರ್ಧರಿಸಿ ಬರೆಯುವ ಕೆಲಸಕ್ಕೆ, ನೋಡಿದ್ದನ್ನೂ ಗಂಟಿನ ಜೊತೆ ಕಟ್ಟಬೇಕು. ಟ್ರಾನ್ಸಾಕ್ಷನ್ ಮಾಡುವುದು ಅದನ್ನೇ. ನಾನು ನೋಡಿದಾಗ ಕಿರೀಟ ಒಳಗಿತ್ತು, ಬರೆಯುವ ಈ ಗಳಿಗೆಯಲ್ಲೂ ಒಳಗಿದೆಯಾ ಎಂದು ಕೇಳುತ್ತದೆ. ಇದ್ದರೆ ಐದನ್ನೂ ಬರೆಯುತ್ತದೆ. ನಡುವೆ ಯಾರಾದರೂ ಮುಟ್ಟಿದ್ದರೆ ಒಂದನ್ನೂ ಬರೆಯದೆ, ಆಗಲ್ಲ ಎನ್ನುತ್ತದೆ.

ನಿಧಾನವಾಗುತ್ತದೆ ಎಂದು ಮಿಂಚು ಕೊನೆಯ ಬಾಣ ಬಿಟ್ಟ. ಎಷ್ಟು ನಿಧಾನ ಎಂದು ಮಾವ ಸೊಸೆಯ ಮೂಲಕ ಕೇಳಿಸಿದರು. ಕಣ್ಣು ಮಿಟುಕಿಸುವುದರ ಒಂದು ಚೂರು ಎಂದ ಮಿಂಚು. ದೂತನ ಕತೆ ಕೇಳಿ ಮುಗಿಸಿದ ಗಿರಾಕಿಗೆ ಅಷ್ಟೊಂದು ಅವಸರ ಇರಲಾರದು ಎಂದು ಮಾವ ತೀರ್ಪು ಕೊಟ್ಟರು. ಟ್ರಾನ್ಸಾಕ್ಷನ್ ಗೆದ್ದಿತು. ಸೊಸೆ ಬಾಡಿಗೆಗೆ ಕೊಡುವ ಗುಂಡಿಯ ಹಿಂದಿನ ಕೆಲಸವನ್ನೆಲ್ಲ ಬದಲಿಸಿದಳು. ಮೇಲೆ ಹೋಗಿ ಬಕೆಟ್ಟಿನಲ್ಲಿ ನೀರು ತಂದು ಸುಣ್ಣದ ಗೆರೆಯನ್ನು ಉಜ್ಜತೊಡಗಿದಳು. ಗಂಡ ಅವಸರ ಮಾಡಬೇಡ ಎಂದ. ಅವನು ಹಾಗೆಂದದ್ದು ಬೆನ್ನುನೋವಿನ ಕಾಳಜಿಯಿಂದ ಎಂದುಕೊಂಡಳು.

ಪ್ರೋಗ್ರಾಮು ಸೊಗಸಾಗಿ ಓಡಿತು. ಅದೇ ತೊಂದರೆಯಾಯಿತು.

ಮುಂದಿನ ವಾರ ಎರಡು ಕೌಂಟರಿಗೂ ಒಟ್ಟಿಗೇ ರಾಣಿಯನ್ನು ಕೇಳಿ ಬಂದರು. ಮಾವ ಒತ್ತಿದರು, ರಾಣಿ ಅವರ ಗಿರಾಕಿಯ ಜೊತೆ ಹೋದಳು. ಚಿಕ್ಕಮಾವನ ಶತ್ರುಗಳು ಬಂದು, ಸಭೆ ಉಸಿರು ಬಿಗಿಹಿಡಿದು, ಅವರು ಒತ್ತಿದಾಗ ಪರದೆಯ ಮೇಲೆ ಬಂತು: 'ಆಗಲಿಲ್ಲ. ಇದು ಈಗಷ್ಟೇ ಬೇರೆ ಕೌಂಟರಿನಲ್ಲಿ ಹೋಗಿದೆ.' ಅಂಗಡಿಯಲ್ಲಿ ಬೇರೆ ಕೌಂಟರ್ ಎಂದರೆ ಒಂದೇ. ಚಿಕ್ಕಮಾವ ಕನ್ನಡಕ ಒರೆಸಿಕೊಂಡು ಮತ್ತೆ ಓದಿದರು. ಆಮೇಲೆ ಪೊಲೀಸ್ ಇನ್ಸ್‌ಪೆಕ್ಟರ್ ಹಾಗೆಯೇ ಹೋದ. ಆಮೇಲೆ ಮಂತ್ರಿ. ರಾಜನಂತೂ ಸರಿಯೇ. ಒಂದೊಂದು ಸಲವೂ ಯಂತ್ರ ಚಿಕ್ಕಮಾವನಿಗೇ ಆಗಲ್ಲ ಎಂದಿತು, ಗಿರಾಕಿಯ ಎದುರಿಗೇ, ದೊಡ್ಡ ಅಕ್ಷರದಲ್ಲಿ.

ಕಾರಣ ಸೊಸೆಗೆ ಸ್ಪಷ್ಟವಾಗಿತ್ತು. ಮೊದಲು ಒತ್ತಿದವನು ಗೆಲ್ಲುತ್ತಾನೆ. ಮಾವನ ನಾಲಿಗೆ ಸಣ್ಣದು, ಚಿಕ್ಕಮಾವನದು ಉದ್ದ. ಇದನ್ನು ಚಿಕ್ಕಮಾವನಿಗೆ ಹೇಳುವುದು ಹೇಗೆ? ದೂತನನ್ನು ಬಿಟ್ಟುಬಿಡಿ ಎಂದರೆ ಅವರ ಜೀವಮಾನದ ಪಾತ್ರವನ್ನು ಕಿತ್ತುಕೊಂಡ ಹಾಗೆ. ಕತೆಯನ್ನು ಗುಂಡಿ ಒತ್ತಿದ ಮೇಲೆ ಹೇಳಬಹುದಲ್ಲ ಎಂದು ಮೆಲ್ಲಗೆ ಸೂಚಿಸಿದಳು. ಒತ್ತಿದ ಮೇಲೆ ಯಾರು ನಿಲ್ಲುತ್ತಾರೆ ಎಂದು ಅವರು ಅಷ್ಟೇ ಮೆಲ್ಲಗೆ ಕೇಳಿದರು. ಆ ಉತ್ತರದಲ್ಲಿದ್ದ ಸತ್ಯಕ್ಕೆ ಅವಳೇ ತಲೆ ತಗ್ಗಿಸಬೇಕಾಯಿತು.

"ಅಣ್ಣನ ಸೊಸೆ ಬರೆದ ಯಂತ್ರ ಅಣ್ಣನ ಕಡೆ ವಾಲದೆ ಇರುತ್ತಾ?" ಎಂದು ಅವರು ಗೋಡೆಗೆ ಹೇಳಿದರು. ಈ ಸಲ ಗೋಡೆಗೆ ಹೇಳಿದ್ದರಲ್ಲಿ ಬೇರೆ ಅರ್ಥವೂ ಇತ್ತು. ಸಂಜೆಗೆ ಗಾರೆಯವನು ಇಟ್ಟಿಗೆ ತಂದು ಮೆಟ್ಟಿಲ ಪಕ್ಕ ಜೋಡಿಸಿದ.

ಮಿಂಚು ಬಂದು ಇಟ್ಟಿಗೆಯ ಮೇಲೆ ಕೂತು ಸೇಬು ಕಚ್ಚಿದ. "ಬ್ಯಾಚಲ್ಲಿ ಎಲ್ರೂ ಗೆಲ್ತಿದ್ರು ಅತ್ತಿಗೆ. ಪೆಟ್ಟು ತಿಂತಿದ್ದೋರು ಗಿರಾಕಿಗಳು ಮಾತ್ರ. ನೀವು ಬಂದು ಮನೆಯೋರಿಗೇ ಆಗಲ್ಲ ಅನ್ನೋ ಯಂತ್ರ ಕೂರಿಸಿದ್ರಿ. ಈ ಮನೇಲಿ ಯಾರಿಗಾದ್ರೂ ಯಾರಾದ್ರೂ ಆಗಲ್ಲ ಅಂದಿದ್ದು ಕೇಳಿದೀರಾ?"

ಅವಳು ಕೇಳಿರಲಿಲ್ಲ. ಹುಡುಗ ಅವಸರದವನಾದರೂ ದಡ್ಡನಲ್ಲ ಎಂದು ಅವಳಿಗೆ ಅಂದು ಮೊದಲ ಸಲ ಅನ್ನಿಸಿತು. ಜನ ವೇಗಕ್ಕಾಗಿ ಬ್ಯಾಚನ್ನು ಆರಿಸುತ್ತಾರೆ ಎಂದು ಅವಳು ಇಷ್ಟು ವರ್ಷ ನಂಬಿದ್ದಳು. ಅಲ್ಲ. ಅದು ಎದುರಾಡುವುದಿಲ್ಲ, ಅದಕ್ಕೆ.

ಕೊನೆಯ ಪ್ರಯತ್ನವೆಂದು ಅವಳು ಹಿಡಿತದ ಪದ್ಧತಿ ತಂದಳು. ಪರದೆಯಲ್ಲಿ ಯಾವ ವೇಷವನ್ನು ಯಾರು ಮೊದಲು ತೆರೆಯುತ್ತಾರೋ, ಅವರ ಮಾತು ಮುಗಿಯುವವರೆಗೆ ಅದು ಅವರ ಹಿಡಿತದಲ್ಲಿ. ಚಿಕ್ಕಮಾವ ನೆಮ್ಮದಿಯಾಗಿ ಶತ್ರುಗಳನ್ನು ಕರೆಸಿಕೊಳ್ಳಬಹುದು. ಮಾರನೆಯ ದಿನ ಬೆಳಗ್ಗೆ ಮಾವ ಎಂದಿಗಿಂತ ಬೇಗ ಕೌಂಟರಿಗೆ ಬಂದು ರಾಜ, ರಾಣಿ, ಮಂತ್ರಿ, ಇನ್ಸ್‌ಪೆಕ್ಟರ್, ಕೊನೆಗೆ ರೆಕ್ಕೆ ಮುರಿದ ದೇವದೂತನವರೆಗೆ ಎಲ್ಲರನ್ನೂ ತೆರೆದಿಟ್ಟು ಪೇಪರ್ ಓದುತ್ತಾ ಕೂತರು. ಗಿರಾಕಿ ಬಂದರೂ ಸರಿ, ಬಾರದಿದ್ದರೂ ಸರಿ. ಸ್ವಲ್ಪ ಹೊತ್ತಾದರೆ ಹಿಡಿತ ತಾನಾಗಿ ಬಿಡುವಂತೆ ಸೊಸೆ ಗಡುವು ಹಾಕಿದಳು. ಮಾವ ಪೇಪರಿನ ಪುಟ ತಿರುಗಿಸಿದಾಗಲೆಲ್ಲ ಒಮ್ಮೆ ಎಲ್ಲರನ್ನೂ ಮತ್ತೆ ತೆರೆದಿಡುವ ಅಭ್ಯಾಸ ಮಾಡಿಕೊಂಡರು. ಸಂಜೆ ಅವಳು ಆ ಪದ್ಧತಿಯನ್ನೇ ಕಿತ್ತುಹಾಕಿದಳು. ಗಾರೆಯವನು ಸಿಮೆಂಟ್ ಚೀಲವನ್ನೂ ತಂದಿಟ್ಟ.

ಕೋಣೆಯಲ್ಲಿ ಅವಳು ಮಂಚದ ಮೇಲೆ ಕೂತು, ಗಂಡನ ಜೊತೆ ಅಲ್ಲ, ಸೀಲಿಂಗ್ ಫ್ಯಾನಿನ ಜೊತೆ ಮಾತಾಡಿದಳು. ಆ ಮನೆಯ ಗಾಳಿ ಸೋಕಿತ್ತು. ಒಳಗಿನ ಲೆಕ್ಕ ಸರಿಯಾಗಿಯೇ ಇದೆ. ಕೆಡುತ್ತಿರುವುದು ಪರದೆಯ ಮೇಲಿನ ಒಂದು ಸಾಲಿನಿಂದ. ಬೇರೆ ಕೌಂಟರ್ ಎಂಬ ಎರಡು ಪದದಿಂದ. ಸೋತೆ ಎನ್ನುವುದು ಚಿಕ್ಕಮಾವನಿಗೆ ಅಷ್ಟೊಂದು ನೋಯುತ್ತಿರಲಿಲ್ಲ. ಅಣ್ಣನಿಗೆ ಸೋತೆ ಎನ್ನುವುದು ನೋಯುತ್ತಿತ್ತು.

ಅವಳು ಎದ್ದು ಟ್ರಾನ್ಸಾಕ್ಷನ್ನಿನ ಒಂದಕ್ಷರವನ್ನೂ ಮುಟ್ಟದೆ, ಆ ಒಂದು ಸಾಲನ್ನು ಮಾತ್ರ ಅಳಿಸಿ ಬರೆದಳು: 'ಒಗೆಯೋಕೆ ಹೋಗಿದೆ.'

ಮರುದಿನ ಚಿಕ್ಕಮಾವನ ಪರದೆಯಲ್ಲಿ ರಾಜ ಒಗೆಯಲು ಹೋಗಿದ್ದ. ಅವರು ಗಿರಾಕಿಯತ್ತ ತಿರುಗಿ, ನಮ್ಮಲ್ಲಿ ಶುಚಿತ್ವಕ್ಕೆ ಮೊದಲ ಸ್ಥಾನ ಎಂದು ಎದೆಯುಬ್ಬಿಸಿ ಹೇಳಿದರು. ಗಿರಾಕಿಗೂ ಒಳ್ಳೆಯದೆನಿಸಿತು, ಬದಲಿಗೆ ಮಂತ್ರಿಯನ್ನು ಕೊಂಡೊಯ್ದ. ಅಪರೂಪಕ್ಕೊಮ್ಮೆ ಮಾವನೂ ಹಿಂದೆ ಬೀಳುತ್ತಿದ್ದರು. ಅವರ ಪರದೆಯಲ್ಲೂ ಒಗೆಯಲು ಹೋಗುತ್ತಿತ್ತು. ಕಿರೀಟ ಒಗೆಯಲು ಹೋಯಿತು, ಸಿಂಹಾಸನ ಹೋಯಿತು, ಕತ್ತಿ ಎರಡು ಸಲ ಹೋಯಿತು. ಇಬ್ಬರಲ್ಲಿ ಒಬ್ಬರ ಹುಬ್ಬೂ ಮೇಲೇರಲಿಲ್ಲ. ಗಾರೆಯವನಿಗೆ ಸ್ವಲ್ಪ ತಡೆ ಎಂದು ಹೇಳಿಕಳಿಸಿದರು.

ನಿಜ ಹೇಳಬಹುದಿತ್ತಲ್ಲ ಎಂದ ಗಂಡ.

"ನಿಜ ಹೇಳಿದ್ನಲ್ಲ. ಇಟ್ಟಿಗೆ ಬಂತು" ಎಂದಳು ಸೊಸೆ.

ಒಂದು ಬೆಳಗ್ಗೆ ಅವಳು ಮಾವನ ಮಾತೊಂದನ್ನು ಚಿಕ್ಕಮಾವನಿಗೆ ಮುಟ್ಟಿಸಲು ಮೆಟ್ಟಿಲಿಳಿಯುತ್ತಿದ್ದಳು. ಅರ್ಧದಲ್ಲೇ ನಿಂತಳು. ಕೆಳಗೆ ಮಾವ ಗೋದಾಮಿನ ನಡುವೆ ಬಂದು ನಿಂತು, ಮಧ್ಯೆ ಯಾರೂ ಇಲ್ಲದೆ, ತಮ್ಮನ ಮುಖ ನೋಡಿ, "ನಿಂಗೂ ಹಾಗೇ ಬರುತ್ತಾ? ಒಗೆಯೋಕೆ ಹೋಗಿದೆ ಅಂತ?" ಎಂದು ಕೇಳುತ್ತಿದ್ದರು.

"ದಿನಾ" ಎಂದರು ಚಿಕ್ಕಮಾವ. ಅಷ್ಟು ಚಿಕ್ಕ ಉತ್ತರ ಅವರ ಬಾಯಿಂದ ಬಂದದ್ದು ಅದೇ ಮೊದಲು. ಅಣ್ಣನ ಜೊತೆ ಮಾತಾಡುವಾಗ ದೂತ ಅಡ್ಡ ಬರಲಿಲ್ಲ. "ಇವನು ಬೇಕಂತಲೇ ತಡ ಮಾಡ್ತಿದಾನೆ ಅಣ್ಣ."

ಇವನು ಎಂದರೆ ಲಾಂಡ್ರಿಯವನು. ಹಳೆಯ ಗುರುತಿನವನು, ವಾರಕ್ಕೊಮ್ಮೆ ಬಂದು ನಿಲುವಂಗಿಗಳನ್ನು ಮೂಟೆ ಕಟ್ಟಿ ಒಯ್ಯುತ್ತಿದ್ದ. ಅವನನ್ನು ಕರೆಸಿ ನಿಲ್ಲಿಸಿದರು. ಅಣ್ಣ ಒಂದು ಬೈಗುಳ ಶುರು ಮಾಡಿದರೆ ತಮ್ಮ ಅದನ್ನು ಮುಗಿಸುತ್ತಿದ್ದರು. ಇಷ್ಟು ವರ್ಷ ಕೂಡಿಟ್ಟ ಮಾತೆಲ್ಲ ಒಬ್ಬ ಬಡಪಾಯಿಯ ತಲೆಯ ಮೇಲೆ ಸುರಿಯುತ್ತಿತ್ತು. ಸಿಂಹಾಸನ ಯಾಕೆ ತಡ, ಕತ್ತಿ ಯಾಕೆ ತಡ ಎಂದು ಇಬ್ಬರೂ ಒಂದೇ ಉಸಿರಿಗೆ ಕೇಳಿದರು.

"ಸ್ವಾಮಿ, ಕತ್ತಿ ಹೇಗ್ ಒಗೀಲಿ ನಾನು?" ಎಂದ ಅವನು.

"ಅದನ್ನೂ ನಾವೇ ಹೇಳಿಕೊಡಬೇಕಾ?" ಎಂದರು ಮಾವ. ನಾಳೆಯಿಂದ ಬರಬೇಡ ಎಂದರು ಚಿಕ್ಕಮಾವ. ಅಣ್ಣ ಒಪ್ಪಿಗೆಯಿಂದ ತಲೆಯಾಡಿಸಿದರು.

ಸೊಸೆ ಮೆಟ್ಟಿಲ ಕಟಕಟೆ ಹಿಡಿದು ನಿಂತಿದ್ದಳು. ಅವಳೆದುರಿಗಿದ್ದದ್ದು ಇಷ್ಟೇ: ಸುಮ್ಮನೆ ಮೇಲೆ ಹೋದರೆ ಕೋಣೆ ಉಳಿಯುತ್ತದೆ, ಲಾಂಡ್ರಿಯವನ ಕೆಲಸ ಹೋಗುತ್ತದೆ. ನಿಜ ಹೇಳಿದರೆ ಅವನ ಕೆಲಸ ಉಳಿಯುತ್ತದೆ, ಅಣ್ಣತಮ್ಮಂದಿರು ಇದೀಗ ಶುರು ಮಾಡಿದ ಮಾತು ಇಲ್ಲಿಗೇ ನಿಂತು ಗೋಡೆ ಏಳುತ್ತದೆ. ಆಗಲ್ಲ ಎನ್ನುವ ಯಂತ್ರಕ್ಕೆ ಬೈಸಿಕೊಳ್ಳಲು ಒಬ್ಬರು ಬೇಕು. ಎದುರು ಮಾತಾಡದ, ಬಿಟ್ಟುಹೋಗದ, ಇಬ್ಬರಿಗೂ ಸಮನಾಗಿ ಸೇರಿದ ಯಾರಾದರೂ.

ಅಂಥವರು ಯಾರಿದ್ದಾರೆಂದು ಅವಳು ಬಹಳ ಹುಡುಕಬೇಕಾಗಲಿಲ್ಲ.

"ಅವನದೇನೂ ತಪ್ಪಿಲ್ಲ ಮಾವ" ಎಂದು ಕೆಳಗಿಳಿದಳು. "ಎಲ್ಲಾ ನನ್ನ ಹತ್ರ ಇದೆ. ರಿಪೇರಿಗೆ ಇಟ್ಟುಕೊಂಡಿದ್ದೆ. ಪರದೆಯಲ್ಲಿ ತಪ್ಪು ಬರೆದುಬಿಟ್ಟಿದ್ದೆ."

ಇಬ್ಬರೂ ಅವಳನ್ನು ನೋಡಿದರು. ಆಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾವ ರಿಪೇರಿ, ಯಾವಾಗ, ಯಾವ ಸೂಜಿಯಲ್ಲಿ ಎಂದು ಒಬ್ಬರೂ ಕೇಳಲಿಲ್ಲ. ಲಾಂಡ್ರಿಯವನ ಮೇಲೆ ಬಂದ ಅನುಮಾನಕ್ಕೆ ಒಂದಷ್ಟು ಪುರಾವೆಯಾದರೂ ಬೇಕಿತ್ತು; ಸೊಸೆಯ ತಪ್ಪಿಗೆ ಸೊಸೆಯಾಗಿರುವುದೇ ಸಾಕಾಗಿತ್ತು. ಲಾಂಡ್ರಿಯವನು ಮೂಟೆ ಹೊತ್ತು, ಬದುಕಿದೆ ಎಂದು ಬಾಗಿಲು ದಾಟಿದ.

ಅಂದೇ ಅವಳು ಸಾಲು ಬದಲಿಸಿದಳು: 'ಸೊಸೆ ರಿಪೇರಿಗೆ ಇಟ್ಟುಕೊಂಡಿದ್ದಾಳೆ.'

ಮಿಂಚು ಅದನ್ನು ಓದಿ, ಒಳಗೆ ಈಗ ಏನು ಓಡುತ್ತಿದೆ, ಬ್ಯಾಚಾ ಟ್ರಾನ್ಸಾಕ್ಷನ್ನಾ ಎಂದು ಪಿಸುಗುಟ್ಟಿ ಕೇಳಿದ. ವಾಪಸು ಬಂದದ್ದನ್ನು ಬರೆಯುವ ಕಡೆ ನಿನ್ನ ಬ್ಯಾಚೇ ಇದೆ, ಕೊಡುವ ಕಡೆ ಟ್ರಾನ್ಸಾಕ್ಷನ್ ಇದೆ ಎಂದಳು. ಎದುರಿಗೆ ಏನಿದೆ ಎಂದ. ನಾನಿದೀನಿ ಎಂದಳು. ಅವನು ಮೊದಲ ಸಲ ಅವಸರವಿಲ್ಲದೆ ನಕ್ಕ.

ಈಗ ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಅಣ್ಣತಮ್ಮಂದಿರು ಗೋದಾಮಿನ ನಡುವೆ ಅಕ್ಕಪಕ್ಕ ಕೂರುತ್ತಾರೆ. ಸಿಂಹಾಸನ ಬಾಡಿಗೆಗೆ ಹೋಗಿರದಿದ್ದರೆ ಸರದಿಯ ಮೇಲೆ ಅದರಲ್ಲಿ ಒಬ್ಬರು. ಮಾತಿಗೆ ಒಂದೇ ವಿಷಯ. ನಮ್ಮ ಕಾಲದಲ್ಲಿ ಹೆಣ್ಣುಮಕ್ಕಳು ಕೈ ಇಟ್ಟರೆ ಕೆಲಸ ಮುಗಿಯುತ್ತಿತ್ತು ಎಂದು ಒಬ್ಬರು. ಇವಳು ಒಂದು ಕತ್ತಿ ಹಿಡಿದು ವಾರ ಕೂರುತ್ತಾಳೆ ಎಂದು ಇನ್ನೊಬ್ಬರು. ಮಾವ ಇಷ್ಟೊಂದು ಮಾತಾಡುತ್ತಾರೆಂದು ಅವರ ಹೆಂಡತಿಗೇ ಗೊತ್ತಿರಲಿಲ್ಲವಂತೆ.

ಗಾರೆಯವನು ಬಂದು ಗೋಡೆ ಯಾವಾಗ ಎತ್ತಲಿ ಎಂದು ಕೇಳಿದ ದಿನ ಸೊಸೆ ಮೇಲೆ ಕಿಟಕಿಯ ಪಕ್ಕ ಕೆಲಸ ಮಾಡುತ್ತಿದ್ದಳು. ಕೈ ನಿಂತಿತು. ಕಿವಿ ಕೆಳಗಿಳಿಯಿತು.

"ಗೋಡೆ ಏನೂ ಬೇಡಪ್ಪ" ಎಂದರು ಮಾವ. "ಇಂಥವಳನ್ನ ಒಬ್ಬನೇ ಕಾಯೋಕಾಗುತ್ತಾ?"

"ಇಬ್ಬರೂ ಕಣ್ಣಿಟ್ಟಿರಬೇಕು" ಎಂದರು ಚಿಕ್ಕಮಾವ. "ಅಡ್ಡ ಗೋಡೆ ಬಂದ್ರೆ ಹೇಗ್ ಕಾಣುತ್ತೆ?"

ಗಾರೆಯವನು ಇಟ್ಟಿಗೆಗಳನ್ನು ಗಾಡಿಗೆ ಎಸೆಯುವ ಸದ್ದು ಸ್ವಲ್ಪ ಹೊತ್ತು ಕೇಳಿಸಿತು. ಆಮೇಲೆ ಮಾವನ ದನಿ ಮೆಟ್ಟಿಲು ಹತ್ತಿ ಬಂತು, ಹಿಂದೆಯೇ ಚಿಕ್ಕಮಾವನದು: ಸಿಂಹಾಸನದ ರಿಪೇರಿ ಎಲ್ಲಿಗೆ ಬಂತು ಎಂದು.

ಸಿಂಹಾಸನ ಆ ಹೊತ್ತಿನಲ್ಲಿ ಊರಾಚೆಯ ಸಭಾಂಗಣವೊಂದರಲ್ಲಿ, ಯಾವುದೋ ಡಾಕ್ಟರರ ಸಂಘದ ರಾಜನ ಭಾರ ಹೊತ್ತು ನಿಂತಿತ್ತು.

"ಇನ್ನೂ ಒಂದು ಕಾಲು ಬಾಕಿ ಇದೆ ಮಾವ" ಎಂದು ಸೊಸೆ ಕೂಗಿ ಹೇಳಿ, ತನ್ನ ಕೋಣೆಯ ಬಾಗಿಲು ಹಾಕಿಕೊಂಡಳು.